ಕ್ರಿಸ್‌ಮಸ್ ಹಬ್ಬಕ್ಕೆ ಸಸ್ಯಾಹಾರದ ಊಟ: ಗದಗ ಜಿಲ್ಲೆಯ ಹೊಲದಿಂದಲೇ ಒಂದು ಯೋಜನೆ

ಗದಗ ಜಿಲ್ಲೆಯಲ್ಲಿ ಡಿಸೆಂಬರ್ ತಿಂಗಳ ಕೊನೆಯ ವಾರವು ಮುಂಗಾರಿನ ಕಾಳುಕಡಿ ಮನೆ ಸೇರಿರುವ, ಹಿಂಗಾರಿನ ಬೆಳೆ ಹೊಲದಲ್ಲಿ ಹಸಿರಾಗಿ ನಿಂತಿರುವ ಕಾಲ. ಕ್ರಿಸ್‌ಮಸ್ ಹಬ್ಬವು ಈ ವಾರದಲ್ಲಿ ಬರುತ್ತದೆ. ಎಳ್ಳ ಅಮಾವಾಸ್ಯೆಯೂ ಬಹುತೇಕ ಇದರ ಆಸುಪಾಸಿನಲ್ಲಿಯೇ ಬರುತ್ತದೆ. 2022ರಲ್ಲಿ ಅದು ಡಿಸೆಂಬರ್ 23ರಂದು, 2024ರಲ್ಲಿ ಡಿಸೆಂಬರ್ 30ರಂದು ಬಂದಿತ್ತು. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಬೆಳೆಯ ನಡುವೆ ಕುಳಿತು ಉಣ್ಣುವ ಆ ಹಬ್ಬದ ಅಡುಗೆಯು ಪೂರ್ಣ ಸಸ್ಯಾಹಾರವಾಗಿದೆ. ಆದುದರಿಂದ ಮಾಂಸವಿಲ್ಲದ ಕ್ರಿಸ್‌ಮಸ್ ಊಟವನ್ನು ಹೇಗೆ ಯೋಜಿಸಬೇಕು ಎಂಬ ಪ್ರಶ್ನೆಗೆ ನಮ್ಮ ಜಿಲ್ಲೆಯ ರೈತ ಮಹಿಳೆಯರು ದೂರದಲ್ಲಿ ಉತ್ತರ ಹುಡುಕಬೇಕಾಗಿಲ್ಲ. ಅಟ್ಟದಲ್ಲಿರುವುದನ್ನು ಮತ್ತು ಹೊಲದಲ್ಲಿರುವುದನ್ನು ಸರಿಯಾಗಿ ಲೆಕ್ಕ ಹಾಕಿ, ಹದಿನೈದು ದಿನ ಮೊದಲೇ ತಯಾರಿ ಆರಂಭಿಸಿದರೆ ಸಾಕು.

ಬೆಟಗೇರಿಯಲ್ಲಿ ಕ್ರಿಸ್‌ಮಸ್ ಹೊಸ ಹಬ್ಬವಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಸಂಸ್ಥೆಯು 1840ರ ದಶಕದ ಆರಂಭಕ್ಕೆ ಬೆಟಗೇರಿಯಲ್ಲಿ ತನ್ನ ನೆಲೆಯನ್ನು ಸ್ಥಾಪಿಸಿತು. ಸಮೀಪದ ಮಲಸಮುದ್ರದಲ್ಲಿ ಒಂದು ಕೃಷಿ ವಸಾಹತನ್ನು ನಡೆಸಲು ಯತ್ನಿಸಿತು. ಅಂದಿನಿಂದ ಇಲ್ಲಿನ ಕ್ರೈಸ್ತ ಕುಟುಂಬಗಳು ಲಿಂಗಾಯತ, ಜೈನ, ನೇಕಾರ, ಕುರುಬ, ಮುಸ್ಲಿಂ ನೆರೆಹೊರೆಯ ನಡುವೆಯೇ ಹಬ್ಬ ಆಚರಿಸುತ್ತ ಬಂದಿವೆ. ಹಬ್ಬದ ದಿನ ಮನೆಗೆ ಬರುವವರಲ್ಲಿ ಮಾಂಸ ಮುಟ್ಟದವರು ಅನೇಕರು. ಅವರಿಗಾಗಿ ಪ್ರತ್ಯೇಕ ಯೋಚನೆ ಇಲ್ಲದಿದ್ದಲ್ಲಿ ಅವರು ಒಂದು ಬಾಳೆಹಣ್ಣು ತಿಂದು, ಚಹಾ ಕುಡಿದು, ಹರಸಿ ಹೋಗುತ್ತಾರೆ. ಕರೆದವರಿಗೂ ಬಂದವರಿಗೂ ಅದು ಕೊರತೆಯೇ. ಈ ಲೇಖನವು ಆ ಕೊರತೆಯನ್ನು ತುಂಬುವ ಪ್ರಯತ್ನವಾಗಿದೆ.

ಯಾರು ಏನನ್ನು ಬಿಡುತ್ತಾರೆ

ಅತಿಥಿಗಳ ಪಟ್ಟಿ ಮಾಡುವಾಗ ಸಂಖ್ಯೆಯ ಜೊತೆಗೆ ಅವರ ಆಹಾರ ನಿಯಮವನ್ನೂ ಬರೆದಿಟ್ಟುಕೊಳ್ಳುವುದು ಸೂಕ್ತ. ಸಸ್ಯಾಹಾರ ಎಂಬ ಒಂದೇ ಪದದಡಿಯಲ್ಲಿ ಕನಿಷ್ಠ ನಾಲ್ಕು ಬಗೆಯ ಊಟಗಳಿವೆ. ಕೆಲವರು ಮಾಂಸ, ಮೀನುಗಳನ್ನು ಬಿಟ್ಟರೂ ಮೊಟ್ಟೆ ಹಾಕಿದ ಕೇಕನ್ನು ತಿನ್ನುತ್ತಾರೆ. ನಮ್ಮ ಭಾಗದ ಬಹುಪಾಲು ಸಸ್ಯಾಹಾರಿಗಳು ಮೊಟ್ಟೆಯನ್ನೂ ತಿನ್ನುವುದಿಲ್ಲ, ಆದರೆ ಹಾಲು, ಮೊಸರು, ತುಪ್ಪ ಅವರಿಗೆ ಬೇಕೇ ಬೇಕು. ಲಕ್ಷ್ಮೇಶ್ವರದಂತಹ ಊರುಗಳಲ್ಲಿ ಜೈನ ಕುಟುಂಬಗಳನ್ನು ಕರೆಯುವಾಗ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಮೂಲಂಗಿಯಂತಹ ನೆಲದೊಳಗೆ ಬೆಳೆಯುವ ಪದಾರ್ಥಗಳನ್ನು ಕೈಬಿಡಬೇಕಾಗುತ್ತದೆ. ನಿಷ್ಠೆಯಿಂದ ವ್ರತ ಪಾಲಿಸುವವರು ಬದನೆಕಾಯಿಯನ್ನೂ ತಿನ್ನುವುದಿಲ್ಲ, ಸೂರ್ಯಾಸ್ತದ ನಂತರ ಉಣ್ಣುವುದಿಲ್ಲ. ಆದುದರಿಂದ ಅಂತಹ ಮನೆಗಳಿಗೆ ರಾತ್ರಿಯ ಊಟಕ್ಕಿಂತ ಮಧ್ಯಾಹ್ನದ ಊಟದ ಆಮಂತ್ರಣ ಕೊಡುವುದು ಉತ್ತಮ.

ನಾಲ್ಕನೆಯವರು ವೀಗನ್ ಪದ್ಧತಿಯವರು. ಇವರು ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ ಮತ್ತು ಜೇನುತುಪ್ಪವನ್ನೂ ಬಿಟ್ಟು ಪೂರ್ಣವಾಗಿ ಸಸ್ಯಜನ್ಯ ಆಹಾರವನ್ನೇ ಸೇವಿಸುತ್ತಾರೆ. ಬೆಂಗಳೂರು, ಪುಣೆಗಳಲ್ಲಿ ಉದ್ಯೋಗದಲ್ಲಿದ್ದು ಹಬ್ಬಕ್ಕೆ ಊರಿಗೆ ಬರುವ ಯುವಕ ಯುವತಿಯರಲ್ಲಿ ಇಂತಹವರು ಇರಬಹುದು. ಹಾಲು ಬಿಟ್ಟವನಿಗೆ ಇನ್ನೇನು ಬಡಿಸುವುದು ಎಂದು ಹಿರಿಯರು ಚಿಂತಿಸುವುದು ಸಹಜ. ಆದರೆ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಯ, ಝುಣಕ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಇವುಗಳಲ್ಲಿ ಹಾಲಿನ ಅಂಶವೆಲ್ಲಿದೆ? ಎಳ್ಳ ಅಮಾವಾಸ್ಯೆಯ ಬುತ್ತಿಯಿಂದ ಮೊಸರನ್ನ ಮತ್ತು ತುಪ್ಪವನ್ನು ಬದಿಗಿಟ್ಟರೆ ಉಳಿಯುವುದೆಲ್ಲವೂ ವೀಗನ್ ಊಟವೇ ಆಗಿದೆ.

ಪೇಟೆಯ ಪೊಟ್ಟಣಗಳ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ಪೊಟ್ಟಣದ ಮೇಲಿನ ಹಸಿರು ಚುಕ್ಕೆಯು ಮಾಂಸ, ಮೊಟ್ಟೆ ಇಲ್ಲವೆಂಬುದನ್ನು ಸೂಚಿಸುತ್ತದೆಯೇ ಹೊರತು ಹಾಲಿಲ್ಲವೆಂಬುದನ್ನಲ್ಲ. ವೀಗನ್ ಆಹಾರಕ್ಕೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2022ರ ನಿಯಮಗಳ ಮೂಲಕ ಬೇರೆಯೇ ಚಿಹ್ನೆಯನ್ನು ಗೊತ್ತುಪಡಿಸಿದೆ. ಬೇಕರಿಯ ಮೊಟ್ಟೆರಹಿತ ಕೇಕಿಗೆ ಸಾಮಾನ್ಯವಾಗಿ ಗಟ್ಟಿ ಹಾಲನ್ನು ಬಳಸುತ್ತಾರೆ. ಬಿಸ್ಕತ್ತು, ಬ್ರೆಡ್‌ಗಳಲ್ಲಿ ಹಾಲಿನ ಪುಡಿ ಇರಬಹುದು. ಜೆಲ್ಲಿ ಮಿಠಾಯಿಗೆ ಬಳಸುವ ಜೆಲಟಿನ್ ಪ್ರಾಣಿಜನ್ಯವಾದುದು.

ಹೊಲದಲ್ಲಿರುವುದು, ಅಟ್ಟದಲ್ಲಿರುವುದು

ಮುಂಗಾರಿನ ಹೆಸರು, ಸಜ್ಜೆ, ಎಳ್ಳು ಮತ್ತು ಶೇಂಗಾ ಈ ವೇಳೆಗೆ ಮನೆಯಲ್ಲಿರುತ್ತವೆ. ಬ್ಯಾಡಗಿ ಮೆಣಸಿನಕಾಯಿಯ ಕೊಯ್ಲು ಆರಂಭವಾಗಿರುತ್ತದೆ. ಬಾವಿ ಅಥವಾ ಕೊಳವೆಬಾವಿ ನೀರಿರುವ ಕಡೆ ಬದನೆ, ಮೆಂತ್ಯ, ಸಬ್ಬಸಿಗೆ, ಮೂಲಂಗಿ, ಸೌತೆ, ಈರುಳ್ಳಿ ತಪ್ಪಲು ದೊರೆಯುತ್ತವೆ. ಹಿಂಗಾರಿ ಜೋಳ, ಗೋಧಿ ಮತ್ತು ಕುಸುಬೆ ಇನ್ನೂ ಹೊಲದಲ್ಲಿರುತ್ತವೆ. ಅವುಗಳನ್ನು ಕಳೆದ ವರ್ಷದ ದಾಸ್ತಾನಿನಿಂದಲೇ ತೆಗೆಯಬೇಕು.

ಈ ಕಾಲದ ನಿಜವಾದ ವಿಶೇಷವೆಂದರೆ ಕಡಲೆ. ಗದಗ ಮತ್ತು ಮುಂಡರಗಿ ತಾಲ್ಲೂಕುಗಳ ಕಪ್ಪು ಭೂಮಿಯಲ್ಲಿ ಅಕ್ಟೋಬರ್ ಮೊದಲ ಪಕ್ಷದಲ್ಲಿ ಬಿತ್ತಿದ ಜೆಜಿ-11ರಂತಹ ತಳಿಗಳಲ್ಲಿ ಕ್ರಿಸ್‌ಮಸ್ ವೇಳೆಗೆ ಹಸಿ ಕಾಯಿ ತುಂಬಿರುತ್ತವೆ. ತಡವಾಗಿ, ನವೆಂಬರ್ ಎರಡನೇ ವಾರದಲ್ಲಿ ಬಿತ್ತಿದ ಹೊಲದಲ್ಲಿ ಕಾಯಿ ಇರುವುದಿಲ್ಲ, ಆದರೆ ಕುಡಿ ಚಿವುಟುವ ಹಂತ ಬಂದಿರುತ್ತದೆ. ಬಿತ್ತಿದ 30ರಿಂದ 40 ದಿನಗಳಲ್ಲಿ ಕುಡಿ ಚಿವುಟುವುದರಿಂದ ಹೆಚ್ಚು ಕವಲು ಒಡೆದು ಇಳುವರಿಗೆ ಅನುಕೂಲವಾಗುತ್ತದೆ. ಚಿವುಟಿದ ಕುಡಿಯೇ ಹಬ್ಬದ ಪಲ್ಯಕ್ಕೆ ಒದಗುತ್ತದೆ. ಹೀಗಾಗಿ ಮುಂಚಿತವಾಗಿ ಬಿತ್ತಿದವರಿಗೆ ಹಸಿ ಕಡಲೆ, ತಡವಾಗಿ ಬಿತ್ತಿದವರಿಗೆ ಕಡಲೆ ತಪ್ಪಲು. ಒಂದೇ ಊರಿನ ಎರಡು ಮನೆಗಳು ಪರಸ್ಪರ ಬದಲಾಯಿಸಿಕೊಂಡರೆ ಎರಡೂ ಮನೆಗಳಲ್ಲಿ ಎರಡು ಪಲ್ಯಗಳಾಗುತ್ತವೆ.

ಸಿಂಪಡಿಸಿದ ಬೆಳೆಯನ್ನು ತಟ್ಟೆಗೆ ತರುವ ಮುನ್ನ

ಈ ಲೇಖನದಲ್ಲಿ ಬೇರೇನನ್ನು ಬಿಟ್ಟರೂ ಈ ಭಾಗವನ್ನು ತಪ್ಪದೇ ಓದಬೇಕೆಂದು ವಿನಂತಿ.

ಕಡಲೆಯ ಎಲೆಗಳ ಮೇಲೆ ಸಹಜವಾದ ಹುಳಿ ಇರುತ್ತದೆ. ತೊಳೆದರೆ ಹುಳಿ ಹೋಗಿ ರುಚಿ ಕೆಡುತ್ತದೆ ಎಂಬ ಕಾರಣಕ್ಕೆ ತಪ್ಪಲನ್ನು ತೊಳೆಯದೆಯೇ ಬಳಸುವ ರೂಢಿ ನಮ್ಮಲ್ಲಿದೆ. ಕೀಟನಾಶಕ ಇಲ್ಲದ ಕಾಲದಲ್ಲಿ ಈ ರೂಢಿಯಿಂದ ತೊಂದರೆ ಇರಲಿಲ್ಲ. ಇಂದು ಕಾಯಿಕೊರಕ ಹುಳುವಿನ ಹತೋಟಿಗಾಗಿ ಡಿಸೆಂಬರ್ ತಿಂಗಳಲ್ಲಿಯೇ ಸಿಂಪರಣೆ ನಡೆಯುತ್ತದೆ. ಕಡಲೆಯಲ್ಲಿ ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ ಸಿಂಪಡಿಸಿದ ನಂತರ ಕೊಯ್ಲಿಗೆ 14 ದಿನ, ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್‌ಸಿ ಸಿಂಪಡಿಸಿದ ನಂತರ 11 ದಿನ ಕಾಯಬೇಕು. ಅಂದರೆ ಡಿಸೆಂಬರ್ 24ರಂದು ಹಸಿ ಕಡಲೆ ಕೀಳುವುದಾದರೆ ಮೊದಲನೆಯದನ್ನು ಡಿಸೆಂಬರ್ 10ರ ನಂತರ ಆ ಸಾಲುಗಳಿಗೆ ಮುಟ್ಟಿಸುವಂತಿಲ್ಲ. ಗಮನಿಸಬೇಕಾದ ಮತ್ತೊಂದು ಸಂಗತಿ ಇದೆ: ಈ ಅವಧಿಗಳು ಕಾಳಿನ ಬೆಳೆಯನ್ನು ಲಕ್ಷ್ಯದಲ್ಲಿಟ್ಟು ನಿಗದಿಯಾದವು, ಎಲೆಯನ್ನೇ ಸೊಪ್ಪಾಗಿ ತಿನ್ನುವುದನ್ನು ಲಕ್ಷ್ಯದಲ್ಲಿಟ್ಟು ಅಲ್ಲ. ಆದುದರಿಂದ ಸಿಂಪಡಿಸಿದ ಹೊಲದ ತಪ್ಪಲನ್ನು ಎಷ್ಟೇ ದಿನ ಬಿಟ್ಟರೂ ಅಡುಗೆಗೆ ಬಳಸದಿರುವುದೇ ಕ್ಷೇಮ.

ಇದಕ್ಕೆ ಸರಳ ಪರಿಹಾರವೆಂದರೆ ಮನೆಯ ಬಳಕೆಗೆಂದು ಹೊಲದ ಒಂದು ಬದಿಯಲ್ಲಿ ನಾಲ್ಕಾರು ಸಾಲುಗಳನ್ನು ಬಿತ್ತುವಾಗಲೇ ಗೊತ್ತು ಮಾಡಿಟ್ಟುಕೊಳ್ಳುವುದು. ಗಾಳಿ ಬೀಸುವ ದಿಕ್ಕನ್ನು ನೋಡಿ, ಸಿಂಪರಣೆಯ ತುಂತುರು ಹಾರಿ ಬೀಳದ ಬದಿಯನ್ನು ಆರಿಸಬೇಕು. ಆ ಸಾಲುಗಳಲ್ಲಿ ಪಕ್ಷಿಗಳು ಕೂರಲು ಕವಲುಕಟ್ಟಿಗೆ ನೆಡುವುದು, ಹುಳುಗಳನ್ನು ಕೈಯಿಂದ ಆರಿಸುವುದು, ಅಗತ್ಯವಿದ್ದಲ್ಲಿ ಶೇ. 5ರ ಬೇವಿನ ಬೀಜದ ಕಷಾಯ ಬಳಸುವುದು. ಕೆಲವು ಕಾಯಿಗಳು ಹುಳುವಿನ ಪಾಲಾಗುತ್ತವೆ, ಆಗಲಿ. ಮನೆಯ ಮಕ್ಕಳು ಹೊಲದಲ್ಲಿ ನಿಂತು ಹಸಿ ಕಡಲೆ ಸುಲಿದು ತಿನ್ನುವುದು ಈ ಸಾಲುಗಳಿಂದಲೇ ಆಗಬೇಕೆಂಬುದನ್ನು ಅವರಿಗೂ ತೋರಿಸಿಕೊಡಿ.

ಬದನೆಯಲ್ಲಿಯೂ ಇದೇ ಎಚ್ಚರಿಕೆ ಬೇಕು. ಕುಡಿ ಮತ್ತು ಕಾಯಿಕೊರಕಕ್ಕೆ ಮೇಲೆ ಹೇಳಿದ ಎಮಾಮೆಕ್ಟಿನ್ ಬಳಸಿದ್ದರೆ 3 ದಿನ, ಕ್ಲೋರಾಂಟ್ರಾನಿಲಿಪ್ರೋಲ್ ಬಳಸಿದ್ದರೆ 22 ದಿನ ಕಾಯಬೇಕು. ಒಂದೇ ಬೆಳೆ, ಒಂದೇ ಕೀಟ, ಆದರೆ ಅವಧಿಯಲ್ಲಿ ಇಷ್ಟು ಅಂತರ. ನೆನಪಿನ ಮೇಲೆ ನಡೆಯದೆ ಪ್ರತಿ ಬಾರಿಯೂ ಡಬ್ಬಿಯ ಮೇಲಿನ ಸೂಚನೆಯನ್ನು ಓದುವುದು ಇದಕ್ಕಾಗಿಯೇ. ಪೇಟೆಯಲ್ಲಿ ಮಾರುವ ರೈತರೂ ಹಬ್ಬದ ಬೆಲೆಗೆ ಆಸೆಪಟ್ಟು ಈ ಅವಧಿಯನ್ನು ಮೊಟಕುಗೊಳಿಸಬಾರದು.

ಮೂರನೆಯದಾಗಿ, ಬಿತ್ತನೆಗೆಂದು ತಂದು ಉಳಿದ ಕಡಲೆ, ಕುಸುಬೆ, ಹೆಸರು ಬೀಜವನ್ನು ಯಾವ ಕಾರಣಕ್ಕೂ ಅಡುಗೆಗೆ ಬಳಸಬಾರದು. ಬೀಜೋಪಚಾರ ಮಾಡಿದ ಬೀಜಕ್ಕೆ ಶಿಲೀಂಧ್ರನಾಶಕ ಅಥವಾ ಕೀಟನಾಶಕ ಲೇಪನವಿರುತ್ತದೆ. ಬಣ್ಣ ತೊಳೆದು ಹೋದರೂ ವಿಷ ಹೋಗುವುದಿಲ್ಲ. ಜಾನುವಾರು, ಕೋಳಿಗಳಿಗೂ ಅದನ್ನು ಹಾಕಬಾರದು. ಹಬ್ಬದ ಗಡಿಬಿಡಿಯಲ್ಲಿ ಅಟ್ಟದಿಂದ ಚೀಲ ಇಳಿಸುವವರಿಗೆ ಯಾವ ಚೀಲದಲ್ಲಿ ಏನಿದೆ ಎಂಬುದು ತಿಳಿದಿರಲಿ. ಬಿತ್ತನೆ ಬೀಜದ ಚೀಲಕ್ಕೆ ಕೆಂಪು ದಾರ ಕಟ್ಟಿಟ್ಟರೆ ಸಾಕು.

ಶೇಂಗಾ ಬಗ್ಗೆ ಒಂದು ಮಾತು. ಅಲುಗಾಡಿಸಿದಾಗ ಕಾಯಿಯೊಳಗೆ ಕಾಳು ಸದ್ದು ಮಾಡುವಷ್ಟು, ಅಂದರೆ ತೇವಾಂಶ ಶೇ. 8ರಿಂದ 9ಕ್ಕೆ ಇಳಿಯುವವರೆಗೆ ಒಣಗಿದ ಶೇಂಗಾವನ್ನೇ ಬಳಸಬೇಕು. ಸುಕ್ಕುಗಟ್ಟಿದ, ಬಣ್ಣಗೆಟ್ಟ, ಬೂಸು ಹಿಡಿದ ಕಾಳುಗಳಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರುವ ಸಂಭವವಿದ್ದು, ಹುರಿದರೂ ಅದು ಪೂರ್ಣ ನಾಶವಾಗುವುದಿಲ್ಲ. ಚಟ್ನಿಪುಡಿಗಾದರೆ ನಡೆಯುತ್ತದೆ ಎಂಬ ಲೆಕ್ಕಾಚಾರ ಬೇಡ.

20 ಜನರಿಗೆ ಒಂದು ಊಟ

ಕೆಳಗಿನ ಪ್ರಮಾಣವು ಮೊದಲಿಂದ ಕೊನೆಯವರೆಗೆ ಹಾಲಿಲ್ಲದ ಊಟಕ್ಕೆ ಸಂಬಂಧಿಸಿದ್ದು. ಹಾಲು ತುಪ್ಪ ಬೇಕೆನ್ನುವವರಿಗೆ ಬಟ್ಟಲಲ್ಲಿ ಬೇರೆಯಾಗಿ ಇಟ್ಟರಾಯಿತು. ಮೊದಲೇ ತುಪ್ಪ ಬೆರೆಸಿದರೆ ಕೆಲವರಿಗೆ ಉಣ್ಣಲಾಗದು; ಬೆರೆಸದಿದ್ದರೆ ಎಲ್ಲರಿಗೂ ಉಣ್ಣಲಾಗುತ್ತದೆ. ಯೋಜನೆಯ ಮುಖ್ಯ ಸೂತ್ರ ಇದೇ.

ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗೆ ಎರಡೂವರೆ ಕಿಲೋ ಹಿಟ್ಟು ಬೇಕು. ತಲೆಗೆ ಎರಡರಂತೆ ರೊಟ್ಟಿಗಳಾಗುತ್ತವೆ. ಸಜ್ಜೆ ಹಿಟ್ಟಿನಲ್ಲಿ ಕೊಬ್ಬಿನಂಶ ಹೆಚ್ಚಿರುವುದರಿಂದ ಬೀಸಿದ ಕೆಲವೇ ದಿನಗಳಲ್ಲಿ ಕಹಿಯಾಗುತ್ತದೆ. ಹಾಗಾಗಿ ಡಿಸೆಂಬರ್ 20ಕ್ಕಿಂತ ಮೊದಲು ಬೀಸಿಸಬೇಡಿ. ಮೊದಲೇ ಮಾಡಿಡುವ ಅನುಕೂಲ ಬೇಕಿದ್ದವರು ಜೋಳದ ಕಡಕ್ ರೊಟ್ಟಿಯನ್ನು ಒಂದು ವಾರ ಮುಂಚೆಯೇ ಮಾಡಿ, ಒಣಗಿಸಿ, ಬಟ್ಟೆ ಸುತ್ತಿ ಇಡಬಹುದು.

ಎಣ್ಣೆಗಾಯಿಗೆ ಎರಡೂವರೆ ಕಿಲೋ ಎಳೆಯ ಬದನೆಕಾಯಿ, ಅದರೊಳಗೆ ತುಂಬಲು 300 ಗ್ರಾಂ ಹುರಿದ ಶೇಂಗಾ, ತಲಾ 100 ಗ್ರಾಂ ಎಳ್ಳು ಮತ್ತು ಗುರೆಳ್ಳು, ಒಣಕೊಬ್ಬರಿ, ಹುಣಸೆ, ಬೆಲ್ಲ, ಬ್ಯಾಡಗಿ ಖಾರದಪುಡಿ. ಹೆಸರುಕಾಳು ಅಥವಾ ಮಡಿಕೆಕಾಳಿನ ಉಸಳಿಗೆ ಒಣಕಾಳು 800 ಗ್ರಾಂ. ಡಿಸೆಂಬರ್ ಚಳಿಯಲ್ಲಿ ಮೊಳಕೆ ನಿಧಾನವಾಗಿ ಬರುತ್ತದೆ. 23ರ ಬೆಳಿಗ್ಗೆ ನೆನೆಹಾಕಿ, ಸಂಜೆ ನೀರು ಬಸಿದು ಬಟ್ಟೆಯಲ್ಲಿ ಕಟ್ಟಿ, ಒಲೆಯ ಪಕ್ಕದ ಬೆಚ್ಚಗಿನ ಜಾಗದಲ್ಲಿಟ್ಟರೆ 25ರ ಬೆಳಿಗ್ಗೆ ಸರಿಯಾದ ಮೊಳಕೆ ಸಿಗುತ್ತದೆ. ಝುಣಕಕ್ಕೆ 700 ಗ್ರಾಂ ಕಡಲೆಹಿಟ್ಟು. ಕಡಲೆ ತಪ್ಪಲು ಅಥವಾ ಹಸಿ ಕಡಲೆಯ ಪಲ್ಯ ಸಿಕ್ಕಷ್ಟು. ಮೆಂತ್ಯ, ಸೌತೆ, ಮೂಲಂಗಿಯ ಹಸಿ ಪಚಡಿಗೆ ಮೊಸರಿನ ಬದಲು ಗುರೆಳ್ಳು ಪುಡಿ ಮತ್ತು ನಿಂಬೆರಸ ಸಾಕು. ಅನ್ನಕ್ಕೆ ಒಂದೂಕಾಲು ಕಿಲೋ ಅಕ್ಕಿ, ಜೊತೆಗೊಂದು ಸಾರು.

ಈ ಊಟದ ಪೋಷಕಾಂಶವನ್ನು ಲೆಕ್ಕ ಹಾಕಿದರೆ ಸಜ್ಜೆಯಿಂದ ಸುಮಾರು 13 ಗ್ರಾಂ, ಕಾಳಿನಿಂದ 9, ಕಡಲೆಹಿಟ್ಟಿನಿಂದ 7, ಎಣ್ಣೆಕಾಳುಗಳಿಂದ 6, ಹೀಗೆ ಪ್ರತಿಯೊಬ್ಬರಿಗೂ ಸುಮಾರು 35 ಗ್ರಾಂ ಸಸಾರಜನಕ ದೊರೆಯುತ್ತದೆ. ವಯಸ್ಕರಿಗೆ ದಿನವೊಂದಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಸಸಾರಜನಕ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಹೇಳುತ್ತದೆ. 55 ಕಿಲೋ ತೂಕದ ಮಹಿಳೆಗೆ ಇದು ಸುಮಾರು 46 ಗ್ರಾಂ. ಒಂದೇ ಊಟದಲ್ಲಿ ಅದರ ಮುಕ್ಕಾಲು ಪಾಲು ಸಂದಾಯವಾಯಿತು. ಏಕದಳ ಮತ್ತು ದ್ವಿದಳ ಧಾನ್ಯಗಳು ಒಟ್ಟಿಗೇ ಇರುವುದರಿಂದ ಒಂದರಲ್ಲಿ ಕಡಿಮೆಯಿರುವ ಅಮೈನೋ ಆಮ್ಲವನ್ನು ಮತ್ತೊಂದು ತುಂಬಿಕೊಡುತ್ತದೆ. ಹಾಲಿಲ್ಲದ ಊಟದಲ್ಲಿ ಸುಣ್ಣದ ಅಂಶ ಎಲ್ಲಿಂದ ಎಂಬ ಪ್ರಶ್ನೆಗೆ ರೊಟ್ಟಿಯ ಮೇಲಿನ ಎಳ್ಳು ಉತ್ತರ. 100 ಗ್ರಾಂ ಎಳ್ಳಿನಲ್ಲಿ ಸಾವಿರ ಮಿಲಿಗ್ರಾಂಗೂ ಮಿಗಿಲಾದ ಕ್ಯಾಲ್ಸಿಯಂ ಇದೆ. ಆದರೆ ಬಿ-12 ಜೀವಸತ್ವವು ಈ ತಟ್ಟೆಯಲ್ಲಿಲ್ಲ. ಒಂದು ದಿನದ ಹಬ್ಬಕ್ಕೆ ಅದರ ಚಿಂತೆ ಬೇಡ. ವರ್ಷವಿಡೀ ಹಾಲನ್ನೂ ಬಿಟ್ಟವರು ವೈದ್ಯರ ಸಲಹೆಯಂತೆ ಅದನ್ನು ಮಾತ್ರೆ ಅಥವಾ ಬಲವರ್ಧಿತ ಆಹಾರದ ಮೂಲಕ ಪಡೆಯಬೇಕು.

ಶೇಂಗಾ ಅಥವಾ ಎಳ್ಳು ಮೈಗೆ ಒಗ್ಗದವರು ಅತಿಥಿಗಳಲ್ಲಿದ್ದಾರೆಯೇ ಎಂದು ಮೊದಲೇ ವಿಚಾರಿಸುವುದು ಅವಶ್ಯ. ನಮ್ಮ ಅಡುಗೆಯಲ್ಲಿ ಇವೆರಡೂ ಕಣ್ಣಿಗೆ ಕಾಣದಂತೆ ಎಲ್ಲೆಡೆ ಬೆರೆತಿರುತ್ತವೆ.

ಕುಸುಬೆ ಹಾಲಿನ ಹುಗ್ಗಿ

ಹಾಲಿಲ್ಲದ ಸಿಹಿಗೆ ಪೇಟೆಯಿಂದ ಸೋಯಾ ಹಾಲು, ಬಾದಾಮಿ ಹಾಲಿನ ಡಬ್ಬಿ ತರುವ ಅಗತ್ಯವಿಲ್ಲ. ಕುಸುಬೆ ಹಾಲಿನ ಗೋಧಿ ಹುಗ್ಗಿ ಉತ್ತರ ಕರ್ನಾಟಕದ ಹಳೆಯ ಅಡುಗೆ. ಕುಸುಬೆ ಬಿತ್ತನೆ ಕಡಿಮೆಯಾದಂತೆ ಈ ಅಡುಗೆಯೂ ಮನೆಗಳಿಂದ ಮರೆಯಾಗುತ್ತಿದೆ. ಮುಳ್ಳಿನ ಬೆಳೆ, ಕೊಯ್ಲಿಗೆ ಆಳು ಸಿಗುವುದಿಲ್ಲ ಎಂಬ ರೈತರ ಮಾತು ಸುಳ್ಳಲ್ಲ. ಆದರೂ ಅಣ್ಣಿಗೇರಿಯ ಹೆಸರು ಹೊತ್ತ ಎ-1 ತಳಿಯನ್ನು ಕಡಲೆ ಅಥವಾ ಜೋಳದ ಹೊಲದ ಅಂಚಿನಲ್ಲಿ ಎರಡು ಸಾಲು ಹಾಕಿದರೆ ಮನೆಗೆ ಬೇಕಾಗುವಷ್ಟು ಕಾಳೂ ದೊರೆಯುತ್ತದೆ, ಮುಳ್ಳಿನ ಬೇಲಿಯಿಂದ ದನಗಳ ಕಾಟವೂ ತಪ್ಪುತ್ತದೆ.

20 ಜನರಿಗೆ 400 ಗ್ರಾಂ ಕುಸುಬೆ, 750 ಗ್ರಾಂ ಕುಟ್ಟಿ ಸಿಪ್ಪೆ ತೆಗೆದ ಗೋಧಿ, ಅಷ್ಟೇ ಬೆಲ್ಲ. ಸದಕ ಗೋಧಿ ದೊರೆತಲ್ಲಿ ಹುಗ್ಗಿಗೆ ಅದೇ ಉತ್ತಮ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಡಿಕೆ-1029 ಈ ಬಗೆಯ ತಳಿ. ಆರಿಸಿ ಸ್ವಚ್ಛಗೊಳಿಸಿದ ಕುಸುಬೆಯನ್ನು 24ರ ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಸೇರಿಸಿ ರುಬ್ಬಿ, ತೆಳುಬಟ್ಟೆಯಲ್ಲಿ ಹಿಂಡಬೇಕು. ಚರಟಕ್ಕೆ ಮತ್ತೊಮ್ಮೆ ನೀರು ಹಾಕಿ ಎರಡನೇ ಹಾಲು ತೆಗೆಯಬೇಕು. ಗೋಧಿಯನ್ನು ಮೊದಲು ನೀರಿನಲ್ಲಿ, ಅನಂತರ ಎರಡನೇ ಹಾಲಿನಲ್ಲಿ ಮೆತ್ತಗೆ ಬೇಯಿಸಿ, ಬೆಲ್ಲ ಕರಗಿಸಿ, ಕೊನೆಗೆ ಉರಿ ತಗ್ಗಿಸಿ ಗಟ್ಟಿ ಹಾಲನ್ನು ಕೈಯಾಡಿಸುತ್ತ ಸುರಿಯಬೇಕು. ದೊಡ್ಡ ಉರಿಯಲ್ಲಿ ಕುದಿಸಿದರೆ ಹಾಲು ಒಡೆಯುತ್ತದೆ. ಏಲಕ್ಕಿ, ಗಸಗಸೆ, ಒಣಕೊಬ್ಬರಿ ಸೇರಿಸಿ ಇಳಿಸುವುದು. ಉಳಿದ ಚರಟವನ್ನು ಹಳಸುವ ಮುನ್ನ ಅದೇ ದಿನ ಎಮ್ಮೆಗೆ ತಿನ್ನಿಸಬಹುದು.

ಹಾಲಿಲ್ಲದ ಕ್ರಿಸ್‌ಮಸ್ ಊಟವು ಕ್ರೈಸ್ತ ಸಂಪ್ರದಾಯಕ್ಕೂ ಹೊರಗಿನದಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಇಥಿಯೋಪಿಯಾದ ಕ್ರೈಸ್ತರು ಜನವರಿ 7ರಂದು ಆಚರಿಸುವ ತಮ್ಮ ಕ್ರಿಸ್‌ಮಸ್ಸಿಗೆ ಮುನ್ನ 43 ದಿನಗಳ ವ್ರತ ಹಿಡಿಯುತ್ತಾರೆ. ಆ ದಿನಗಳಲ್ಲಿ ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲ. ಆಗ ಅವರು ಉಣ್ಣುವುದೇನು? ಕಡಲೆ ಮುಂತಾದ ಕಾಳಿನ ಹಿಟ್ಟನ್ನು ಖಾರ ಹಾಕಿ ಕುದಿಸಿದ ಶಿರೋ, ಅದು ನಮ್ಮ ಝುಣಕದ ಸಹೋದರ. ಅಡುಗೆಗೆ ಗುರೆಳ್ಳಿನ ಎಣ್ಣೆ. ಗುರೆಳ್ಳಿನ ಮೂಲ ನೆಲೆಯೇ ಆ ಎತ್ತರದ ನಾಡು. ಜೊತೆಗೆ ಕುಸುಬೆಯನ್ನು ರುಬ್ಬಿ ಹಿಂಡಿದ ಹಾಲು, ಅದರಲ್ಲಿ ನೆನೆಸಿದ ರೊಟ್ಟಿಯ ಚೂರು. ಉಕ್ರೇನಿನಲ್ಲಿ ಕ್ರಿಸ್‌ಮಸ್ ಹಿಂದಿನ ಸಂಜೆ ಮಾಂಸವಿಲ್ಲದ 12 ಬಗೆಯ ಊಟವಿದ್ದು, ಅದರ ಮೊದಲ ತುತ್ತು ಇಡೀ ಗೋಧಿಯನ್ನು ಬೇಯಿಸಿ ಗಸಗಸೆ, ಜೇನು ಬೆರೆಸಿದ ಕುತ್ಯಾ. ಬೆಟಗೇರಿಯ ಮನೆಯೊಂದರಲ್ಲಿ ಹಬ್ಬದ ದಿನ ಕುಸುಬೆ ಹಾಲಿನ ಹುಗ್ಗಿ ಬಡಿಸಿದರೆ ಅದು ಈ ಎರಡೂ ನಾಡುಗಳ ಅಡುಗೆಗೆ ಸಮೀಪದ್ದೇ.

ಹುಗ್ಗಿಯಷ್ಟು ಶ್ರಮ ಬೇಡವೆನ್ನುವವರಿಗೆ ಮಾದಲಿ ಇದೆ. ಗೋಧಿ, ಕಡಲೆಬೇಳೆಯ ತರಿಹಿಟ್ಟಿನ ರೊಟ್ಟಿಯನ್ನು ಪುಡಿ ಮಾಡಿ, ಬೆಲ್ಲ, ಪುಟಾಣಿ, ಒಣಕೊಬ್ಬರಿ, ಗಸಗಸೆ ಬೆರೆಸಿದ ಮಾದಲಿಯು ಒಣಗಿದ್ದಷ್ಟೂ ಕೆಡದೆ ಉಳಿಯುತ್ತದೆ. ನೆರೆಮನೆಗಳಿಗೆ ಡಬ್ಬಿಯಲ್ಲಿ ಕಳುಹಿಸಲು ಕರ್ಚಿಕಾಯಿಯಷ್ಟೇ ಅನುಕೂಲವಾದದ್ದು.

ಕೇಕ್ ಬೇಕೇ ಬೇಕು ಎನ್ನುವ ಮಕ್ಕಳಿರುತ್ತಾರೆ. ಮೊಟ್ಟೆಯು ಕೇಕನ್ನು ಉಬ್ಬಿಸಿ ಹಿಡಿದಿಡುತ್ತದೆ. ಉಬ್ಬಿಸುವ ಕೆಲಸವನ್ನು ಸೋಡಾ ಮತ್ತು ಹುಳಿ ಸೇರಿ ಮಾಡಬಲ್ಲವು. 200 ಗ್ರಾಂ ಮೈದಾ, 180 ಗ್ರಾಂ ಸಕ್ಕರೆ, ಒಂದು ಚಹಾ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪನ್ನು ಜರಡಿ ಹಿಡಿದು, 80 ಮಿಲಿ ಎಣ್ಣೆ, 240 ಮಿಲಿ ನೀರು, ಒಂದು ದೊಡ್ಡ ಚಮಚ ನಿಂಬೆರಸ ಸೇರಿಸಿ ಬೇಗನೆ ಕಲಸಿ, ತಡಮಾಡದೆ ಒಲೆಗೇರಿಸಬೇಕು. ತಡಮಾಡಿದರೆ ಗಾಳಿ ಹೋಗಿ ಕೇಕ್ ಚಪ್ಪಟೆಯಾಗುತ್ತದೆ. ಓವನ್ ಇಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಮರಳು ಕಾಯಿಸಿ, ಅದರೊಳಗೆ ಕೇಕಿನ ಡಬ್ಬಿಯಿಟ್ಟು ಮುಚ್ಚಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಬಹುದು.

ಒಂದೇ ಅಡುಗೆಮನೆಯಲ್ಲಿ ಎರಡು ಅಡುಗೆ

ಮನೆಯವರಿಗೆ ಮಾಂಸದ ಅಡುಗೆಯೂ ಇರುವುದಾದರೆ ಸಸ್ಯಾಹಾರದ ಅಡುಗೆಯನ್ನು ಮೊದಲು ಮುಗಿಸಿ, ಮುಚ್ಚಿ, ಬೇರೆ ಕೋಣೆಗೆ ಸಾಗಿಸಬೇಕು. ಹಪ್ಪಳ, ಚಕ್ಕುಲಿ ಕರಿಯುವ ಎಣ್ಣೆಯ ಬಾಣಲೆ ಬೇರೆಯೇ ಇರಲಿ. ಬಹುತೇಕ ಕಡೆ ಎಡವಟ್ಟಾಗುವುದು ಇಲ್ಲಿಯೇ. ಸೌಟು, ಹಲಗೆ, ಚಾಕುಗಳೂ ಬೇರೆ. ಕೆಲವು ಹಿರಿಯರು ಮಾಂಸ ಬೇಯಿಸಿದ ಮನೆಯಲ್ಲಿ ಅನ್ನ ಉಣ್ಣುವುದಿಲ್ಲ. ಅವರನ್ನು ಒತ್ತಾಯಿಸುವುದು ಸಲ್ಲದು. ಅವರಿಗೆ ಹಣ್ಣು, ಹಸಿ ಕಡಲೆ, ಬೆಲ್ಲ ಶೇಂಗಾ ಮರ್ಯಾದೆಯಿಂದ ಕೊಡಬಹುದು. ಬೆಳಗಿನ ಆರಾಧನೆ ಮುಗಿದ ನಂತರದ ಮಧ್ಯಾಹ್ನದ ಊಟವನ್ನು ಎಲ್ಲರಿಗೂ ಸಸ್ಯಾಹಾರವನ್ನಾಗಿ ಮಾಡಿ, ಮಾಂಸದ ಅಡುಗೆಯನ್ನು ಮನೆಯವರ ರಾತ್ರಿಯ ಊಟಕ್ಕೆ ಇಟ್ಟುಕೊಳ್ಳುವುದು ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಸುಲಭದ ದಾರಿ. ಪಾತ್ರೆಯ ಗೊಂದಲವೂ ಇಲ್ಲ, ಬಡಿಸುವ ಗೊಂದಲವೂ ಇಲ್ಲ.

ವಿಸ್ತರಣಾ ಕಾರ್ಯಕರ್ತರಿಗೆ

ಡಿಸೆಂಬರ್ ಮೊದಲ ವಾರದ ಗ್ರಾಮಸಭೆ, ಕ್ಷೇತ್ರ ಭೇಟಿಗಳಲ್ಲಿ ಕೊಯ್ಲುಪೂರ್ವ ಕಾಯುವ ಅವಧಿಯ ಬಗ್ಗೆ ತಿಳಿಸಲು ಹಬ್ಬದ ಊಟವೇ ಒಳ್ಳೆಯ ನೆಪ. ಎಳ್ಳ ಅಮಾವಾಸ್ಯೆ ಮತ್ತು ಕ್ರಿಸ್‌ಮಸ್ ಎರಡರಲ್ಲಿಯೂ ಹೊಲದ ಬೆಳೆ ನೇರವಾಗಿ ಬಾಯಿಗೆ ಬರುತ್ತದೆ. ಆಗ ಹೇಳಿದ ಮಾತನ್ನು ಜನರು ಕಿವಿಗೊಟ್ಟು ಕೇಳುತ್ತಾರೆ. ಸಿಂಪರಣೆಯ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡುವುದನ್ನು ರೈತ ಮಹಿಳೆಯರಿಗೆ ಕಲಿಸಿ. ಸಿಂಪಡಿಸುವವರು ಗಂಡಸರು, ಸೊಪ್ಪು ಕೀಳುವವರು ಹೆಂಗಸರು. ಇಬ್ಬರ ನಡುವೆ ಈ ಮಾಹಿತಿ ಹರಿಯದಿರುವುದೇ ಅನೇಕ ಮನೆಗಳ ತೊಂದರೆ.

ಕಡಕ್ ರೊಟ್ಟಿ, ಚಟ್ನಿಪುಡಿ, ಮಾದಲಿಗಳನ್ನು ತಯಾರಿಸುವ ಸ್ತ್ರೀಶಕ್ತಿ ಸಂಘಗಳಿಗೆ ಗದಗ-ಬೆಟಗೇರಿಯ ಕ್ರಿಸ್‌ಮಸ್ ವಾರವು ಒಂದು ಮಾರುಕಟ್ಟೆಯಾಗಬಲ್ಲದು. ಮುಂಗಡ ಬೇಡಿಕೆಯನ್ನು ಡಿಸೆಂಬರ್ 15ರೊಳಗೆ ಪಡೆದು ಅಷ್ಟನ್ನೇ ತಯಾರಿಸುವುದು, ಆಹಾರ ಸುರಕ್ಷತಾ ನೋಂದಣಿ ಮಾಡಿಸುವುದು, ಪೊಟ್ಟಣದ ಮೇಲೆ ಪದಾರ್ಥಗಳ ಹೆಸರು, ತಯಾರಿಸಿದ ದಿನಾಂಕ ಮತ್ತು ಶೇಂಗಾ, ಎಳ್ಳು ಇರುವ ಸೂಚನೆಯನ್ನು ಬರೆಯುವುದು ಅವಶ್ಯ. ಮೌಲ್ಯವರ್ಧನೆಯ ತರಬೇತಿಗಾಗಿ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.

ಊಟದ ನಂತರ ಉಳಿಯುವ ಪದಾರ್ಥಗಳಲ್ಲಿ ರೊಟ್ಟಿ, ಚಟ್ನಿಪುಡಿ, ಮಾದಲಿಗಳನ್ನು ಕಟ್ಟಿಕೊಡಬಹುದು. ಉಸಳಿ, ಅನ್ನ, ಎಣ್ಣೆಗಾಯಿಗಳನ್ನು ಬೇಯಿಸಿದ ನಾಲ್ಕು ಗಂಟೆಯೊಳಗೆ ಉಂಡು ಮುಗಿಸಬೇಕು. ಕುಸುಬೆ ಹಾಲಿನ ಹುಗ್ಗಿಯನ್ನು ಮರುದಿನಕ್ಕೆ ಇಡಬಾರದು. ಸಂಜೆಯೊಳಗೇ ಓಣಿಯ ಮಕ್ಕಳನ್ನು ಕರೆದು ಬಡಿಸಿಬಿಡಿ.